ಷಾರ್ಲೊಟ್ ಸಾಲೊಮನ್: ಪದೇ ಪದೇ ಕೇಳುವ ಪ್ರಶ್ನೆಗಳು

ಷಾರ್ಲೊಟ್ ಸಾಲೊಮನ್ ಹೆಸರು ಕೇಳಿದ ತಕ್ಷಣ ಕೆಲವರು "ಓ, ಚಿತ್ರ ಬರೆಯುವ ಆನ್ ಫ್ರಾಂಕ್" (ನಾತ್ಸಿ ಕಾಲದಲ್ಲಿ ಬರೆದ ಡೈರಿಯಿಂದ ಹೆಸರಾದ ಯಹೂದಿ ಹುಡುಗಿ) ಅಂದುಬಿಡುತ್ತಾರೆ. ಇನ್ನು ಕೆಲವರು "ತಾತನಿಗೆ ವಿಷ ಹಾಕಿದವಳಲ್ವಾ?" ಎನ್ನುತ್ತಾರೆ. ಎರಡೂ ಮಾತು ಆಕೆಯ ಚಿತ್ರಗಳನ್ನು ನೋಡುವ ಮೊದಲೇ ಹುಟ್ಟುವಂಥವು. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಒಂದು ಎಚ್ಚರಿಕೆ: ಈ ಕಥೆಯಲ್ಲಿ ಆತ್ಮಹತ್ಯೆಯ ವಿಷಯ ಬರುತ್ತದೆ. ಮನಸ್ಸು ಸರಿ ಇಲ್ಲದ ದಿನವಾದರೆ ಇನ್ನೊಮ್ಮೆ ಓದಿ.

ಈಕೆ ಯಾರು? ಚಿಕ್ಕದಾಗಿ ಹೇಳಿ.

ಬರ್ಲಿನ್‌ನ ಯಹೂದಿ ಡಾಕ್ಟರೊಬ್ಬರ ಒಬ್ಬಳೇ ಮಗಳು. ಹುಟ್ಟಿದ್ದು 1917ರ ಏಪ್ರಿಲ್ 16. ನಾತ್ಸಿಗಳ ಕಾಟ ತಾಳಲಾರದೆ 1939ರಲ್ಲಿ ದಕ್ಷಿಣ ಫ್ರಾನ್ಸ್‌ನ ಸಮುದ್ರ ತೀರಕ್ಕೆ ಹೋದಳು. ಅಲ್ಲಿ ಎರಡು ವರ್ಷದೊಳಗೆ ಸುಮಾರು 1,300 ಹಾಳೆಗಳಲ್ಲಿ ತನ್ನ ಮನೆಯವರ ಕಥೆಯನ್ನು ಚಿತ್ರವಾಗಿ ಬರೆದಳು. ಅದರಿಂದ 769 ಹಾಳೆ ಆರಿಸಿ, ನಂಬರ್ ಹಾಕಿ, 'ಜೀವನವೋ? ನಾಟಕವೋ?' ಎಂದು ಹೆಸರಿಟ್ಟಳು. 1943ರ ಅಕ್ಟೋಬರ್‌ನಲ್ಲಿ ಆಕೆಯನ್ನು ನಾತ್ಸಿಗಳ ಸಾವಿನ ಕ್ಯಾಂಪಾದ ಔಶ್ವಿಟ್ಜ್‌ನಲ್ಲಿ ಕೊಂದರು. ಆಗ ವಯಸ್ಸು 26. ಐದು ತಿಂಗಳ ಬಸುರಿ.

ಹೆಸರನ್ನು ಹೇಗೆ ಹೇಳಬೇಕು?

ಜರ್ಮನ್ನರು 'ಷಾರ್ಲೊಟೆ' ಎನ್ನುತ್ತಾರೆ, ಕೊನೆಯ 'ಟೆ' ಹಗುರವಾಗಿ. 'ಸಾಲೊಮನ್'ನ ಮೊದಲ ಅಕ್ಷರ ಅವರ ಬಾಯಲ್ಲಿ 'ಜಾ' ಥರ ಕೇಳುತ್ತದೆ. ನಾವು ಷಾರ್ಲೊಟ್ ಸಾಲೊಮನ್ ಅಂದರೆ ಸಾಕು. ಹೆಸರಿನ ಹಿಂದೆಯೂ ಒಂದು ಕಥೆ ಇದೆ. ಅದು ಚಿಕ್ಕಮ್ಮನ ಹೆಸರು. ಆ ಷಾರ್ಲೊಟ್ 1913ರಲ್ಲಿ, ಇನ್ನೂ ಹುಡುಗಿಯಾಗಿದ್ದಾಗಲೇ ನೀರಿಗೆ ಹಾರಿ ಸತ್ತಿದ್ದಳು. ಅಕ್ಕ ತನ್ನ ಮಗಳಿಗೆ ತಂಗಿಯ ಹೆಸರಿಟ್ಟಳು. ಮಗುವಿಗೆ ಮಾತ್ರ ಆ ಸಾವು ಹೇಗಾಯಿತೆಂದು ಯಾರೂ ಹೇಳಲಿಲ್ಲ.

ಅಪ್ಪ ಅಮ್ಮ ಎಂಥವರು?

ಅಪ್ಪ ಆಲ್ಬರ್ಟ್ ಸಾಲೊಮನ್ ಸರ್ಜನ್. ಸುಮ್ನೆ ಸರ್ಜನ್ ಅಲ್ಲ. ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿ ತೆಗೆದ ಸುಮಾರು 3,000 ಮಾದರಿಗಳನ್ನು ಎಕ್ಸ್-ರೇ ಮಾಡಿ ನೋಡಿ, 1913ರಲ್ಲಿ ಅದರ ಬಗ್ಗೆ ಬರೆದವರು. ಇವತ್ತು ಆಸ್ಪತ್ರೆಗಳಲ್ಲಿ ಮಾಡುವ ಮ್ಯಾಮೊಗ್ರಾಮ್‌ನ ಬೇರು ಅಲ್ಲಿದೆ. ಮಗಳ ಕಥೆಯ ಅಬ್ಬರದಲ್ಲಿ ಈ ಮನುಷ್ಯನ ಕೆಲಸ ಮರೆತೇ ಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಸೇವೆ ಮಾಡಿದ್ದರು ಕೂಡ. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಅಮ್ಮ ಫ್ರಾನ್ಸಿಸ್ಕಾ. ಯುದ್ಧದ ಸಮಯದಲ್ಲಿ ನರ್ಸ್ ಆಗಿದ್ದಳು, ಅಲ್ಲೇ ಇವರಿಬ್ಬರ ಪರಿಚಯ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಆಕೆಯನ್ನು ಖಿನ್ನತೆ ಆವರಿಸಿತು. ರಾತ್ರಿ ಮಗಳ ಪಕ್ಕ ಮಲಗಿ ಸ್ವರ್ಗದ ಕಥೆ ಹೇಳುತ್ತಿದ್ದಳಂತೆ. ಅಲ್ಲಿ ಎಲ್ಲ ಎಷ್ಟು ಚೆನ್ನಾಗಿದೆ, ನಾನು ಅಲ್ಲಿಗೆ ಹೋದರೆ ದೇವತೆಯಾಗಿ ನಿನಗೊಂದು ಕಾಗದ ಬರೆದು ಕಿಟಕಿಯಲ್ಲಿ ಇಡುತ್ತೇನೆ ಅಂತ. 1926ರಲ್ಲಿ ಆಕೆ ಕಿಟಕಿಯಿಂದ ಹಾರಿದಳು. ಎಂಟು ವರ್ಷದ ಮಗಳಿಗೆ ದೊಡ್ಡವರು ಹೇಳಿದ್ದು ಒಂದೇ ಮಾತು: ಅಮ್ಮನಿಗೆ ಇನ್‌ಫ್ಲುಯೆಂಜಾ ಆಗಿತ್ತು.

ಷಾರ್ಲೊಟ್‌ನ ಚಿತ್ರದಲ್ಲಿ ಆ ಪುಟ್ಟ ಹುಡುಗಿ ರಾತ್ರಿ ಎದ್ದೆದ್ದು ಕಿಟಕಿ ನೋಡುತ್ತಾಳೆ, ಕಾಗದ ಬಂತಾ ಅಂತ. ಆಕೆಯ ಹಾಳೆಗಳಲ್ಲಿ ಕಿಟಕಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಇಡಲು ಹೋಗಿ ನಾನು ಅರ್ಧಕ್ಕೇ ಬಿಟ್ಟೆ.

ಮಲತಾಯಿ ಜೊತೆ ಹೇಗಿತ್ತು?

'ಮಲತಾಯಿ' ಅಂದ ಕೂಡಲೇ ನಮ್ಮ ತಲೆಗೆ ಬರುವ ಕಥೆಯೇ ಬೇರೆ. ಇಲ್ಲಿ ಅದು ಸುಳ್ಳು. 1930ರಲ್ಲಿ ಅಪ್ಪ ಮದುವೆಯಾದದ್ದು ಪೌಲಾ ಲಿಂಡ್‌ಬರ್ಗ್ ಎಂಬ ದೊಡ್ಡ ಗಾಯಕಿಯನ್ನು. ಯಹೂದಿ ಧರ್ಮಗುರುವೊಬ್ಬರ ಮಗಳು, ಬಾಕ್ ಸಂಗೀತಕ್ಕೆ ಹೆಸರಾದವಳು. ಹದಿಮೂರರ ಹುಡುಗಿ ಆಕೆಗೆ ಮರುಳಾದಳು. ಆಕೆ ಬಂದ ಮೇಲೆ ಮನೆ ತುಂಬ ಹಾಡು, ಜನ, ಮಾತು. ಜೊತೆಗೆ ಹೊಟ್ಟೆಕಿಚ್ಚು, ಮುನಿಸು, ಮತ್ತೆ ರಾಜಿ. ಮುಂದೆ ಷಾರ್ಲೊಟ್ ತನ್ನ ಕಥೆಯನ್ನು ಹಾಡಿನ ಸುತ್ತ ಕಟ್ಟಿದ್ದಕ್ಕೆ ಮೊದಲ ಕಾರಣ ಈ ಪೌಲಾ. ಈಕೆ 2000ನೇ ಇಸವಿಯವರೆಗೆ, 102 ವರ್ಷ ಬದುಕಿದ್ದರು.

ನಾತ್ಸಿ ಕಾಲದಲ್ಲಿ ಯಹೂದಿ ಹುಡುಗಿಗೆ ಆರ್ಟ್ ಸ್ಕೂಲಲ್ಲಿ ಸೀಟು ಸಿಕ್ಕಿದ್ದು ಹೇಗೆ?

ಒಳ್ಳೆಯ ಪ್ರಶ್ನೆ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಅದೇ ವರ್ಷ ಷಾರ್ಲೊಟ್ ಹೈಸ್ಕೂಲ್ ಬಿಟ್ಟಳು, ಅಲ್ಲಿನ ಅವಮಾನ ತಡೆಯಲಾಗಲಿಲ್ಲ. ಅಪ್ಪನಿಗೆ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಪೌಲಾ ಯಹೂದಿಗಳ ಸಭೆಯಲ್ಲಿ ಮಾತ್ರ ಹಾಡಬೇಕಾಯಿತು.

ಆದರೂ 1936ರ ಹೊತ್ತಿಗೆ ಷಾರ್ಲೊಟ್ ಬರ್ಲಿನ್‌ನ ಸರ್ಕಾರಿ ಕಲಾಶಾಲೆಯಲ್ಲಿ ಇದ್ದಳು. ಯಹೂದಿಗಳಿಗೆ ಅಂತ ಬಿಟ್ಟಿದ್ದು ನೂರಕ್ಕೆ ಒಂದೂವರೆ ಸೀಟು. ಅಪ್ಪ ಯುದ್ಧಕ್ಕೆ ಹೋಗಿದ್ದವರಾದ್ದರಿಂದ ಅರ್ಜಿಗೆ ಬೆಲೆ ಬಂತು. ಇನ್ನೊಂದು ಕಾರಣ ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆಯ್ಕೆ ಸಮಿತಿಯವರು ಚರ್ಚೆ ಮಾಡಿದರು: ಹುಡುಗಿ ಮೆತ್ತಗಿದ್ದಾಳೆ, ಮಾತು ಕಡಿಮೆ, ಆದ್ದರಿಂದ 'ಆರ್ಯ' (ನಾತ್ಸಿಗಳ ಲೆಕ್ಕದಲ್ಲಿ ಶುದ್ಧ ಜರ್ಮನ್) ಹುಡುಗರಿಗೆ ಇವಳಿಂದ ಅಪಾಯ ಇಲ್ಲ.

ಆ ಶಾಲೆಯಲ್ಲಿ ಆಗ ಆಧುನಿಕ ಕಲೆಗೆ ಜಾಗ ಇರಲಿಲ್ಲ. ಹೂವು, ಎಲೆ, ಅಚ್ಚುಕಟ್ಟಾದ ಅಭ್ಯಾಸ. ನಂತರ ಒಂದು ಸ್ಪರ್ಧೆಯಲ್ಲಿ ಆಕೆಯ ಚಿತ್ರಕ್ಕೆ ಮೊದಲ ಬಹುಮಾನ ಎಂದು ತೀರ್ಮಾನವಾಯಿತು. ಹೆಸರು ತೆರೆದು ನೋಡಿದರೆ ಯಹೂದಿ. ಬಹುಮಾನ ಆಕೆಯ ಗೆಳತಿಗೆ ಹೋಯಿತು. ಷಾರ್ಲೊಟ್ ಶಾಲೆ ಬಿಟ್ಟಳು.

ಜರ್ಮನಿ ಬಿಟ್ಟದ್ದು ಯಾವಾಗ?

1938ರ ನವೆಂಬರ್ 9ರ ರಾತ್ರಿ ದೇಶದ ತುಂಬ ಯಹೂದಿಗಳ ಅಂಗಡಿ ಒಡೆದರು, ಪ್ರಾರ್ಥನಾಮಂದಿರಗಳಿಗೆ ಬೆಂಕಿ ಇಟ್ಟರು. ಗಂಡಸರನ್ನು ಎಳೆದುಕೊಂಡು ಹೋದರು. ಆಲ್ಬರ್ಟ್‌ರನ್ನು ಸಾಕ್ಸೆನ್‌ಹೌಸೆನ್ ಕ್ಯಾಂಪಿಗೆ ಹಾಕಿದರು. ಪೌಲಾ ಗೊತ್ತಿದ್ದವರನ್ನೆಲ್ಲ ಹಿಡಿದು, ಹೇಗೋ ಬಿಡಿಸಿಕೊಂಡು ಬಂದಳು. ಆಮೇಲೆ ಮನೆಯಲ್ಲಿ ಒಂದೇ ಮಾತು: ಹುಡುಗಿಯನ್ನು ಮೊದಲು ಕಳಿಸಬೇಕು.

1939ರ ಜನವರಿಯಲ್ಲಿ ಆಕೆ ರೈಲು ಹತ್ತಿದಳು. ಅಮ್ಮನ ಅಪ್ಪ ಅಮ್ಮ, ಅಂದರೆ ಅಜ್ಜಿ ತಾತ, ಮೊದಲೇ ಫ್ರಾನ್ಸ್‌ನ ವಿಲ್‌ಫ್ರಾಂಶ್ ಎಂಬ ಊರಲ್ಲಿದ್ದರು. ನೀಸ್ ನಗರದ ಪಕ್ಕ, ಬೆಟ್ಟ ಇಳಿದರೆ ಸಮುದ್ರ. ಒಟಿಲಿ ಮೂರ್ ಎಂಬ ಅಮೆರಿಕನ್ ಶ್ರೀಮಂತೆ ತನ್ನ ದೊಡ್ಡ ತೋಟದ ಮನೆಯಲ್ಲಿ ನಿರಾಶ್ರಿತರಿಗೆ, ಅನಾಥ ಮಕ್ಕಳಿಗೆ ಜಾಗ ಕೊಟ್ಟಿದ್ದಳು. ಅಜ್ಜಿ ತಾತನ ಜೊತೆ ಷಾರ್ಲೊಟ್‌ಗೂ ಅಲ್ಲಿ ನೆಲೆ ಸಿಕ್ಕಿತು. ಅಪ್ಪ ಮತ್ತು ಪೌಲಾ ಕೆಲವು ತಿಂಗಳ ನಂತರ ಹಾಲೆಂಡಿಗೆ ಹೋದರು. ಅವರು ಮತ್ತೆ ಮಗಳನ್ನು ನೋಡಲಿಲ್ಲ.

ಚಿತ್ರ ಬರೆಯಲು ಶುರು ಮಾಡಿದ್ದು ಯುದ್ಧದ ಭಯಕ್ಕಾ?

ಅಷ್ಟೇ ಅಲ್ಲ. ತುಂಬ ಜನ ತಪ್ಪು ತಿಳಿದಿರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯುದ್ಧ ಶುರುವಾದ ಮೇಲೆ ಅಜ್ಜಿಗೆ ಬದುಕುವ ಆಸೆ ಹೋಯಿತು. ಒಮ್ಮೆ ಪ್ರಾಣ ಕಳೆದುಕೊಳ್ಳಲು ಹೋದರು, ಉಳಿಸಿಕೊಂಡರು. ಷಾರ್ಲೊಟ್ ಹಗಲು ರಾತ್ರಿ ಪಕ್ಕದಲ್ಲಿ ಕೂತಳು. ಬಿಸಿಲು ನೋಡಿ, ಹೂವು ನೋಡಿ ಎಂದಳು. ಬೀಥೋವನ್‌ನ ಆನಂದದ ಹಾಡು ಹಾಡಿದಳು. 1940ರ ಮಾರ್ಚ್‌ನಲ್ಲಿ ಅಜ್ಜಿ ಕಿಟಕಿಯಿಂದ ಹಾರಿದರು.

ಆ ದಿನಗಳಲ್ಲೇ ತಾತ ಬಾಯಿ ಬಿಟ್ಟ. ನಿನ್ನ ಅಮ್ಮ ಜ್ವರದಿಂದ ಸತ್ತದ್ದಲ್ಲ. ನಿನ್ನ ಚಿಕ್ಕಮ್ಮನೂ ಹಾಗೇ. ಅಜ್ಜಿಯ ಕಡೆಯವರಲ್ಲಿ ಇನ್ನೂ ಹಲವರು ಹಾಗೇ ಹೋದರು. ಇಪ್ಪತ್ತಮೂರು ತುಂಬುವ ಹೊತ್ತಿಗೆ ಆಕೆಗೆ ಮೊದಲ ಸಲ ಇದೆಲ್ಲ ಗೊತ್ತಾದದ್ದು. ತನ್ನ ಹೆಸರಿನ ಚಿಕ್ಕಮ್ಮ ಹೇಗೆ ಸತ್ತಳು ಎಂಬುದು ಸೇರಿ! ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲೂ 'ಮಕ್ಕಳ ಮುಂದೆ ಬೇಡ' ಎಂದು ಪಿಸುಗುಟ್ಟುವುದು ಇದೆಯಲ್ಲ, ಅದನ್ನು ಹದಿನಾಲ್ಕು ವರ್ಷ ಎಳೆದರೆ ಹೀಗಾಗುತ್ತದೆ.

ಅದೇ ವರ್ಷ ಫ್ರೆಂಚರು ಜರ್ಮನ್ ಪೌರರನ್ನೆಲ್ಲ ಶತ್ರುಗಳು ಎಂದು ಹಿಡಿದಾಗ ಷಾರ್ಲೊಟ್ ಮತ್ತು ತಾತ ಗುರ್ಸ್ ಕ್ಯಾಂಪ್ ಸೇರಿದರು. ಕೆಲವು ವಾರದ ಮೇಲೆ ತಾತನ ಆರೋಗ್ಯ ನೋಡಿ ಬಿಟ್ಟರು. ಅವಳಿಗೆ ನಿದ್ದೆ ಇಲ್ಲ, ತಲೆ ಕೆಡುವ ಹಂತ. ಡಾ. ಜಾರ್ಜ್ ಮೊರಿಡಿಸ್ ಎಂಬ ಊರಿನ ವೈದ್ಯರು ಮಾತ್ರೆಗಿಂತ ಹೆಚ್ಚಾಗಿ ಒಂದು ಸಲಹೆ ಕೊಟ್ಟರು: ಚಿತ್ರ ಬರಿ.

ತನ್ನ ಮುಂದೆ ಇದ್ದದ್ದು ಎರಡೇ ದಾರಿ ಎಂದು ಆಕೆ ಬರೆದಿಟ್ಟಿದ್ದಾಳೆ. ಒಂದು, ಅಮ್ಮನ ದಾರಿ. ಇನ್ನೊಂದು, ಯಾರೂ ಮಾಡಿರದಂಥ ಹುಚ್ಚು ಕೆಲಸವೊಂದಕ್ಕೆ ಕೈ ಹಾಕುವುದು. ಆಕೆ ಎರಡನೆಯದಕ್ಕೆ ಕೈ ಹಾಕಿದಳು.

'ಜೀವನವೋ? ನಾಟಕವೋ?' ಅಂದರೆ ಏನು? ಪುಸ್ತಕವಾ, ಚಿತ್ರವಾ, ನಾಟಕವಾ?

ಮೂರೂ. ಆಕೆಯೇ ಅದನ್ನು 'ಹಾಡಿನ ನಾಟಕ' ಎಂದು ಕರೆದಳು. ನಮಗೆ ಅರ್ಥವಾಗಲು ಕಂಪನಿ ನಾಟಕ ನೆನೆಸಿಕೊಳ್ಳಿ. ಮಾತು ಬರುತ್ತದೆ, ಮಧ್ಯೆ ರಂಗಗೀತೆ ಬರುತ್ತದೆ, ಪರದೆ ಬದಲಾಗುತ್ತದೆ. ಇಲ್ಲಿ ನಟರ ಬದಲು ಹಾಳೆಗಳು. ಮುನ್ನೋಟ, ಮುಖ್ಯ ಭಾಗ, ಕೊನೆಮಾತು ಎಂದು ಮೂರು ಭಾಗ. ಶುರುವಿನಲ್ಲಿ ಪಾತ್ರವರ್ಗದ ಪಟ್ಟಿಯೂ ಇದೆ.

ಪ್ರತಿ ಹಾಳೆ ದೊಡ್ಡ ನೋಟ್‌ಬುಕ್ಕಿನಷ್ಟು, 32.5 ಸೆಂಟಿಮೀಟರ್‌ಗೆ 25. ಬಣ್ಣ ಗುವಾಶ್, ನಮ್ಮ ಡ್ರಾಯಿಂಗ್ ಕ್ಲಾಸಿನ ಪೋಸ್ಟರ್ ಕಲರ್‌ಗೆ ಹತ್ತಿರದ್ದು. ಬಳಸಿದ್ದು ಕೆಂಪು, ನೀಲಿ, ಹಳದಿ, ಜೊತೆಗೆ ಬಿಳಿ. ಉಳಿದ ಬಣ್ಣವೆಲ್ಲ ಇವುಗಳ ಬೆರಕೆ. ಮೊದಲ ಭಾಗದ ಚಿತ್ರಗಳ ಮೇಲೆ ಟ್ರೇಸಿಂಗ್ ಪೇಪರ್ ಹೊದಿಸಿ, ಅದರ ಮೇಲೆ ಮಾತು ಬರೆದಿದ್ದಾಳೆ. ಅಂಥ ಹೊದಿಕೆ 300ಕ್ಕೂ ಜಾಸ್ತಿ. ಹಾಳೆ ಎತ್ತಿದರೆ ಬರೀ ಚಿತ್ರ, ಮುಚ್ಚಿದರೆ ಚಿತ್ರದ ಮೇಲೆ ಮಾತು. ಮುಂದೆ ಹೋದಂತೆ ಹೊದಿಕೆ ಬಿಟ್ಟು ಚಿತ್ರದ ಮೇಲೇ ಬರೆಯತೊಡಗಿದಳು.

ಹಾಡು ಎಲ್ಲಿಂದ ಬಂತು? ಹಾಳೆ ಹಾಡುವುದಿಲ್ಲವಲ್ಲ.

ಈ ದೃಶ್ಯಕ್ಕೆ ಇಂಥ ಧಾಟಿ ಎಂದು ಆಕೆಯೇ ಬರೆದಿದ್ದಾಳೆ. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯದ ಮೇಲೆ ರಾಗ ತಾಳ ಬರೆದಿರುತ್ತಾರಲ್ಲ, ಹಾಗೆ. ಬಾಕ್‌ನ ಹಾಡು ಇದೆ, ಬಿಜೆಯ 'ಕಾರ್ಮೆನ್' ಇದೆ, ಗ್ಲುಕ್‌ನ 'ಓರ್ಫಿಯಸ್' ಇದೆ, ಶೂಬರ್ಟ್ ಇದ್ದಾನೆ, ನಾತ್ಸಿಗಳ ಮೆರವಣಿಗೆ ಹಾಡೂ ಇದೆ. ಸಮುದ್ರದ ಪಕ್ಕ ಕೂತು ಚಿತ್ರ ಬರೆಯುವಾಗ ಒಂದು ಧಾಟಿ ತಲೆಗೆ ಬರುತ್ತದೆ, ಗುನುಗಿದರೆ ಅದು ಕೈಯಲ್ಲಿರುವ ಚಿತ್ರಕ್ಕೇ ಹೊಂದುತ್ತದೆ, ಹೀಗೆ ಈ ಕೆಲಸ ಹುಟ್ಟಿತು ಎಂದು ಆಕೆ ಪೀಠಿಕೆಯಲ್ಲಿ ವಿವರಿಸುತ್ತಾಳೆ. ಆಗ ಉಳಿದುಕೊಂಡಿದ್ದ ಸಾಂ-ಜಾಂ-ಕಾಪ್-ಫೆರಾ ಊರಿನ ಲಾಡ್ಜಿನ ಒಡತಿ ಕೂಡ ಅದನ್ನೇ ನೆನೆದರು: ಹುಡುಗಿ ರೂಮಿನಲ್ಲಿ ಕೂತು ಗುನುಗುತ್ತಾ ಬರೆಯುತ್ತಿದ್ದಳು.

ನನ್ನ ಸಲಹೆ, ಆ ಹಾಡುಗಳನ್ನು ಹುಡುಕಿ ಕೇಳುತ್ತಾ ಹಾಳೆ ನೋಡಿ. ಕೆಲವು ಕಡೆ ಗಂಭೀರ ದೃಶ್ಯಕ್ಕೆ ಬೇಕೆಂದೇ ತಮಾಷೆಯ ಧಾಟಿ ಇಟ್ಟಿದ್ದಾಳೆ. ಕೇಳದಿದ್ದರೆ ಆ ಚುಚ್ಚು ಗೊತ್ತಾಗುವುದೇ ಇಲ್ಲ.

ಅಂದರೆ ಇದು ಡೈರಿ ಅಲ್ಲ?

ಅಲ್ಲ. ಡೈರಿ ಅಂದಂದು ಬರೆಯುವಂಥದ್ದು. ಇದು ಎಲ್ಲ ಮುಗಿದ ಮೇಲೆ, ದೂರ ನಿಂತು, ಯೋಚಿಸಿ ಕಟ್ಟಿದ್ದು. ತನ್ನನ್ನೇ 'ಅವಳು' ಎಂದು ಕರೆಯುತ್ತಾಳೆ. ಎಲ್ಲರಿಗೂ ನಾಟಕದ ಹೆಸರು ಕೊಟ್ಟಿದ್ದಾಳೆ. ತಾನು ಷಾರ್ಲೊಟ್ ಕಾನ್. ಮಲತಾಯಿ ಪೌಲಿಂಕಾ ಬಿಂಬಾಂ. ಯಹೂದಿ ಕಲಾವಿದರಿಗೆ ಸಂಘ ಕಟ್ಟಿದ ಕುರ್ಟ್ ಸಿಂಗರ್ ಇಲ್ಲಿ ಡಾ. ಸಿಂಗ್‌ಸಾಂಗ್. ದೊಡ್ಡ ಮನುಷ್ಯರಿಗೆ ಇಂಥ ಗಿಲಕಿ ಹೆಸರು ಇಡುವವಳು ಬರೀ ಅಳುವ ಹುಡುಗಿಯಾಗಿರಲು ಸಾಧ್ಯವೇ ಇಲ್ಲ. ತುಂಬ ಕೀಟಲೆ ಇದೆ ಇವಳಲ್ಲಿ.

ಆನ್ ಫ್ರಾಂಕ್ ಹೋಲಿಕೆ ಎಲ್ಲಿಂದ ಬಂತೆಂದರೆ, ಇಬ್ಬರ ಅಪ್ಪಂದಿರೂ ಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದರು, ಪರಿಚಯವೂ ಇತ್ತು. ಆದರೆ ಒಬ್ಬಳು ಹದಿಹರೆಯದ ಹುಡುಗಿ, ಇನ್ನೊಬ್ಬಳು ಕಲಾಶಾಲೆಯಲ್ಲಿ ಕಲಿತ ವಯಸ್ಕ ಕಲಾವಿದೆ. ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಹಾಗಾದರೆ ಕಾಮಿಕ್ಸ್ ಥರ?

ಕೆಲವು ಹಾಳೆ ನೋಡಿದರೆ ಹಾಗೇ ಅನಿಸುತ್ತದೆ. ಒಂದೇ ಹಾಳೆಯಲ್ಲಿ ಹತ್ತಾರು ಚಿಕ್ಕ ದೃಶ್ಯ, ಮೇಲಿಂದ ಕೆಳಗೆ ಹರಿಯುವ ಕಥೆ. ಇನ್ನು ಕೆಲವು ಸಿನಿಮಾ ಥರ. ದೂರದಿಂದ ಇಡೀ ಬೀದಿ, ಆಮೇಲೆ ಕಿಟಕಿ, ಆಮೇಲೆ ಮುಖ. ಒಬ್ಬ ವ್ಯಕ್ತಿ ಉದ್ದುದ್ದ ಭಾಷಣ ಮಾಡುವಾಗ ಅವನ ತಲೆಯನ್ನೇ ಹಾಳೆ ತುಂಬ ಮತ್ತೆ ಮತ್ತೆ ಬರೆಯುತ್ತಾಳೆ. ಮಾತು ನಿಲ್ಲುವುದೇ ಇಲ್ಲ ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಆ ಭಾಷಣದ ಮನುಷ್ಯ ಯಾರು?

ಆಲ್ಫ್ರೆಡ್ ವೋಲ್ಫ್‌ಸೋನ್. ಪೌಲಾಗೆ ಹಾಡು ಕಲಿಸಲು ಮನೆಗೆ ಬರುತ್ತಿದ್ದ ಮೇಷ್ಟ್ರು. ಮೊದಲ ಮಹಾಯುದ್ಧದ ಕಂದಕದಲ್ಲಿ ಸಾಯುವವರ ಕೂಗು ಕೇಳಿ ಅವನ ಸ್ವಂತ ದನಿಯೇ ಹೋಗಿತ್ತು. ದನಿ ಮತ್ತು ಆತ್ಮ ಒಂದೇ, ಸಾವನ್ನು ಮುಟ್ಟಿ ಬಂದವನೇ ಹಾಡಬಲ್ಲ ಎಂಬುದು ಅವನ ನಂಬಿಕೆ. ನಾಟಕದಲ್ಲಿ ಅವನ ಹೆಸರು ಅಮಾಡೆಯುಸ್ ಡಾಬರ್‌ಲೋನ್. ಮುಖ್ಯ ಭಾಗದ ಬಹುಪಾಲು ಅವನದೇ.

ಷಾರ್ಲೊಟ್‌ಗೂ ಅವನಿಗೂ ನಡುವೆ ಪ್ರೀತಿ ಇತ್ತಾ? ಹಾಳೆಗಳಲ್ಲಿ ಇದೆ. ಅವನು ಪೌಲಿಂಕಾಳನ್ನು ಬಯಸುತ್ತಾನೆ, ಷಾರ್ಲೊಟ್ ಅವನನ್ನು ಬಯಸುತ್ತಾಳೆ. ಅದರಲ್ಲಿ ನಿಜವೆಷ್ಟು, ನಾಟಕವೆಷ್ಟು ಎಂದು ಬಿಡಿಸಲು ಹೋದವರು ತುಂಬ ಜನ. ಶೀರ್ಷಿಕೆಯಲ್ಲೇ ಆಕೆ ಎರಡೆರಡು ಪ್ರಶ್ನೆ ಚಿಹ್ನೆ ಹಾಕಿದ್ದಾಳೆ, 'ಜೀವನ'ದ ಮುಂದೆ ಒಂದು, 'ನಾಟಕ'ದ ಮುಂದೆ ಒಂದು. ನನಗಂತೂ ಮುಖ್ಯ ಅನಿಸುವುದು ಬೇರೆ: ಆಕೆಯ ಚಿತ್ರ ನೋಡಿ ನೀನು ಏನೋ ಮಾಡಬಲ್ಲೆ ಎಂದ ಮೊದಲ ಮನುಷ್ಯ ಅವನು. ನಾಚಿಕೆಯ ಹುಡುಗಿಗೆ ಅಷ್ಟು ಸಾಕಿತ್ತು. ಅವನು 1939ರಲ್ಲಿ ಲಂಡನ್‌ಗೆ ಹೋಗಿ ಉಳಿದುಕೊಂಡ.

ಚಿತ್ರಗಳಲ್ಲಿ ನಾತ್ಸಿಗಳು ಇದ್ದಾರಾ?

ಇದ್ದಾರೆ, ಆದರೆ ನೀವು ಅಂದುಕೊಂಡಷ್ಟು ಜಾಗ ಅವರಿಗಿಲ್ಲ. 1933ರ ಜನವರಿ 30ರ ಮೆರವಣಿಗೆಯ ಹಾಳೆ ಪ್ರಸಿದ್ಧ. ಕಂದು ಬಣ್ಣದ ಜನ ಕೆಸರಿನ ಹೊಳೆ ಥರ ಹರಿಯುತ್ತಿದ್ದಾರೆ, ಮುಖಗಳಿಲ್ಲ. ಬಾವುಟದ ಸ್ವಸ್ತಿಕವನ್ನು ಆಕೆ ತಿರುವುಮುರುವಾಗಿ ಬರೆದಿದ್ದಾಳೆ. ಅಂಗಡಿ ಒಡೆಯುವ ದೃಶ್ಯ, ಅಪ್ಪ ಕ್ಯಾಂಪಿನಲ್ಲಿ ಮಣ್ಣು ಅಗೆಯುವ ದೃಶ್ಯ, ತುಂಬಿದ ರೈಲು, ಇವೂ ಇವೆ. ಉಳಿದದ್ದೆಲ್ಲ ಮನೆ, ಪ್ರೀತಿ, ಮುನಿಸು, ಹಾಡು, ಸಾವು. ಹಾಲೊಕಾಸ್ಟ್ (ನಾತ್ಸಿಗಳು ಮಾಡಿದ ಯಹೂದಿಗಳ ಸಾಮೂಹಿಕ ಹತ್ಯೆ) ಬಗ್ಗೆ ತಿಳಿಯಲೆಂದು ಬಂದವರಿಗೆ ಇದು ಸ್ವಲ್ಪ ನಿರಾಸೆ ಮಾಡಬಹುದು.

ತಾತನಿಗೆ ವಿಷ ಹಾಕಿದ್ದು ನಿಜವಾ?

ಜಾಸ್ತಿ ಬರುವ ಪ್ರಶ್ನೆ ಇದೇ. ಕಥೆ ಹೀಗಿದೆ. ತಾತ 1943ರ ಫೆಬ್ರವರಿಯಲ್ಲಿ ಸತ್ತ. ಆ ದಿನಗಳಲ್ಲೇ ಷಾರ್ಲೊಟ್ 'ಡಾಬರ್‌ಲೋನ್'ಗೆ ಒಂದು ಉದ್ದದ ಪತ್ರ ಬರೆದಳು, ಕುಂಚದಲ್ಲಿ, ದೊಡ್ಡ ಅಕ್ಷರಗಳಲ್ಲಿ. ಅದರಲ್ಲಿ, ತಾತನಿಗೆ ವೆರೊನಲ್ ಎಂಬ ನಿದ್ದೆ ಔಷಧಿ ಬೆರೆಸಿದ ಆಮ್ಲೆಟ್ ಮಾಡಿ ಕೊಟ್ಟೆ, ಅವನು ಮಲಗಿದ್ದಾನೆ, ನಾನು ಅವನ ಚಿತ್ರ ಬರೆಯುತ್ತಿದ್ದೇನೆ ಎಂದಿದೆ. ಮನೆಯವರು ಈ ಪುಟಗಳನ್ನು ಹೊರಗೆ ಬಿಡಲಿಲ್ಲ. 2012ರಲ್ಲಿ ಒಂದು ಸಾಕ್ಷ್ಯಚಿತ್ರದ ಮೂಲಕ ಲೋಕಕ್ಕೆ ಗೊತ್ತಾಯಿತು. ಅಲ್ಲಿಂದ ಗಲಾಟೆ.

ಕೆಲವು ವಿದ್ವಾಂಸರು ಇದನ್ನು ತಪ್ಪೊಪ್ಪಿಗೆ ಎಂದೇ ಓದುತ್ತಾರೆ. ತಾತ ಆಕೆಯನ್ನು ಹೇಗೆ ನಡೆಸಿಕೊಂಡ ಎಂಬುದರ ಬಗ್ಗೆ ಕರಾಳ ಅನುಮಾನಗಳನ್ನೂ ಮುಂದಿಡುತ್ತಾರೆ. ಹಾಳೆಗಳಲ್ಲಿ ಬರುವ ತಾತ ದಬ್ಬಾಳಿಕೆಯ ಮನುಷ್ಯ. ನೀನೂ ಪ್ರಾಣ ಕಳೆದುಕೊಂಡುಬಿಡು, ಈ ಗೋಳು ಮುಗಿಯಲಿ ಎಂದು ಮೊಮ್ಮಗಳಿಗೆ ಹೇಳುವ ಮಾತು ಅಲ್ಲಿದೆ. ಇನ್ನು ಕೆಲವರು, ಪತ್ರವೂ ನಾಟಕದ ಭಾಗ, ಅದನ್ನು ಬರೆದದ್ದು ಒಂದು ಪಾತ್ರಕ್ಕೆ, ಪೊಲೀಸರಿಗಲ್ಲ ಎನ್ನುತ್ತಾರೆ. ಎಂಬತ್ತು ವರ್ಷದ ಮೇಲೆ ಯಾವ ಪರೀಕ್ಷೆಯೂ ಇದನ್ನು ತೀರ್ಮಾನಿಸುವುದಿಲ್ಲ. ನನ್ನ ತಕರಾರು ಒಂದೇ. 769 ಚಿತ್ರ ಬರೆದವಳ ಬಗ್ಗೆ ಕೇಳುವ ಮೊದಲ ಪ್ರಶ್ನೆ ಒಂದು ಆಮ್ಲೆಟ್ ಬಗ್ಗೆ ಆಗಬಾರದು.

ಅಷ್ಟು ದಿನ ತಪ್ಪಿಸಿಕೊಂಡಿದ್ದವಳು ಸಿಕ್ಕಿಬಿದ್ದದ್ದು ಹೇಗೆ?

1942ರ ನವೆಂಬರ್‌ನಿಂದ ನೀಸ್ ಸುತ್ತಲಿನ ಪ್ರದೇಶ ಇಟಲಿ ಸೈನ್ಯದ ಕೈಯಲ್ಲಿತ್ತು. ಇಟಲಿಯವರು ಯಹೂದಿಗಳನ್ನು ಹಿಡಿದು ಕೊಡಲು ಒಪ್ಪುತ್ತಿರಲಿಲ್ಲ. ಆದ್ದರಿಂದ ಸಾವಿರಾರು ಜನ ಅಲ್ಲಿಗೆ ಬಂದು ಸೇರಿದ್ದರು. ಒಟಿಲಿ ಮೂರ್ 1941ರಲ್ಲೇ ಅಮೆರಿಕಕ್ಕೆ ಹೋಗಿದ್ದಳು. ಆ ದೊಡ್ಡ ಮನೆಯಲ್ಲಿ ಅಲೆಕ್ಸಾಂಡರ್ ನಾಗ್ಲರ್ ಎಂಬ ಇನ್ನೊಬ್ಬ ಯಹೂದಿ ನಿರಾಶ್ರಿತ ಉಳಿದಿದ್ದ. 1943ರ ಜೂನ್ 17ರಂದು ಷಾರ್ಲೊಟ್ ಅವನನ್ನು ನೀಸ್‌ನಲ್ಲಿ ರಿಜಿಸ್ಟರ್ ಮದುವೆಯಾದಳು.

ಸೆಪ್ಟೆಂಬರ್ 8ರಂದು ಇಟಲಿ ಶರಣಾಯಿತು. ಎರಡೇ ದಿನದಲ್ಲಿ ನಾತ್ಸಿಗಳ ಎಸ್‌ಎಸ್ ಪಡೆಯ ಅಧಿಕಾರಿ ಅಲೋಯಿಸ್ ಬ್ರುನ್ನರ್ ತನ್ನ ತಂಡದ ಜೊತೆ ನೀಸ್‌ಗೆ ಬಂದ. ಹೋಟೆಲಿನಲ್ಲಿ ಕಚೇರಿ ಹಾಕಿ, ಮನೆ ಮನೆ ಹುಡುಕಿಸಿದ. ಆ ತಿಂಗಳಲ್ಲೇ ಲಾರಿಯೊಂದು ವಿಲ್‌ಫ್ರಾಂಶ್‌ನ ತೋಟದ ಮನೆ ಮುಂದೆ ನಿಂತಿತು. ಗಂಡ ಹೆಂಡತಿ ಇಬ್ಬರನ್ನೂ ಎಳೆದೊಯ್ದರು. ಪ್ಯಾರಿಸ್ ಪಕ್ಕದ ದ್ರಾಂಸಿ ಕ್ಯಾಂಪು. ಅಲ್ಲಿಂದ ಅಕ್ಟೋಬರ್ 7ರಂದು 60ನೇ ನಂಬರಿನ ರೈಲು, 1,000 ಜನ. 10ರಂದು ಔಶ್ವಿಟ್ಜ್. ಬಸುರಿಯರನ್ನು ಅಲ್ಲಿ ಕೆಲಸಕ್ಕೆ ಆರಿಸುತ್ತಿರಲಿಲ್ಲ, ನೇರ ಗ್ಯಾಸ್ ಚೇಂಬರಿಗೆ ಕಳಿಸುತ್ತಿದ್ದರು. ನಾಗ್ಲರ್‌ನನ್ನು ಕೆಲಸಕ್ಕೆ ಹಾಕಿದರು. ಕೆಲವೇ ತಿಂಗಳಲ್ಲಿ ಅವನೂ ಸತ್ತ.

ಕೆಲವು ಬರಹಗಳಲ್ಲಿ 'ಮನೆತನದ ಶಾಪ' ಎಂಬ ಮಾತು ಕಾಣುತ್ತದೆ. ಓದಿದರೆ ಸಿಟ್ಟು ಬರುತ್ತದೆ. ಆಕೆಯ ಸಾವಿಗೂ ಮನೆತನಕ್ಕೂ ಸಂಬಂಧವಿಲ್ಲ. ಬದುಕುತ್ತೇನೆ ಎಂದು ತೀರ್ಮಾನಿಸಿದ್ದಳು, ಮದುವೆಯಾಗಿದ್ದಳು, ಮಗು ಹುಟ್ಟುವುದಿತ್ತು. ಒಂದು ಸರ್ಕಾರ ಆಕೆಯನ್ನು ಕೊಂದಿತು.

ಚಿತ್ರಗಳು ಉಳಿದದ್ದು ಹೇಗೆ?

ಸಿಕ್ಕಿಬೀಳುವ ಮೊದಲೇ ಎಲ್ಲವನ್ನೂ ಕಟ್ಟಿ ಡಾ. ಮೊರಿಡಿಸ್ ಕೈಗೆ ಕೊಟ್ಟಿದ್ದಳು. ಜೋಪಾನವಾಗಿಡಿ, ಇದು ನನ್ನ ಇಡೀ ಬದುಕು ಎಂದಳಂತೆ. ಕೆಲಸವನ್ನು ಒಟಿಲಿ ಮೂರ್‌ಗೆ ಅರ್ಪಿಸಿದ್ದಳು. ಆದ್ದರಿಂದ ಯುದ್ಧ ಮುಗಿದು ಆಕೆ ವಾಪಸ್ ಬಂದಾಗ ಡಾಕ್ಟರು ಆ ಕಟ್ಟನ್ನು ಆಕೆಗೆ ಒಪ್ಪಿಸಿದರು.

ಇತ್ತ ಆಲ್ಬರ್ಟ್ ಮತ್ತು ಪೌಲಾ ಹಾಲೆಂಡಿನ ವೆಸ್ಟರ್‌ಬೋರ್ಕ್ ಕ್ಯಾಂಪಿನಿಂದ ತಪ್ಪಿಸಿಕೊಂಡು, ಅಡಗಿ ಬದುಕಿ ಉಳಿದಿದ್ದರು. ಮಗಳು ಇನ್ನಿಲ್ಲ ಎಂದು ತಿಳಿದ ಮೇಲೆ, 1947ರಲ್ಲಿ, ಅವಳಿದ್ದ ಜಾಗ ನೋಡಲು ವಿಲ್‌ಫ್ರಾಂಶ್‌ಗೆ ಹೋದರು. ಒಂದು ಫೋಟೋ, ಒಂದು ಕಾಗದ ಸಿಕ್ಕೀತು ಎಂದು ಹೋದವರ ಮುಂದೆ ಒಟಿಲಿ ಆ ಕಟ್ಟು ಇಟ್ಟಳು. ಬಿಚ್ಚಿದರೆ ಅವರದೇ ಮನೆ, ಅವರದೇ ಊಟದ ಮೇಜು, ಅವರದೇ ಜಗಳ. ಮಗಳು ಇಷ್ಟೆಲ್ಲ ನೋಡುತ್ತಿದ್ದಳು ಎಂದು ಅವರಿಗೆ ಅವತ್ತು ಗೊತ್ತಾಯಿತು.

ಮೊದಲ ಪ್ರದರ್ಶನ 1961ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. 1971ರಲ್ಲಿ ಇಬ್ಬರೂ ಇಡೀ ಸಂಗ್ರಹವನ್ನು ಅಲ್ಲಿನ ಯಹೂದಿ ಮ್ಯೂಸಿಯಂಗೆ ಕೊಟ್ಟರು. ಆಮೇಲೆ ಒಪೆರಾ, ಬ್ಯಾಲೆ, ಕಾದಂಬರಿ, ಸಿನಿಮಾ ಎಲ್ಲ ಬಂದವು.

ಬೇಡವೆಂದು ಬಿಟ್ಟ 500ಕ್ಕೂ ಹೆಚ್ಚು ಹಾಳೆಗಳಲ್ಲಿ ಏನಿದೆ?

ಕರಡು, ಇನ್ನೊಂದು ಬಗೆಯಲ್ಲಿ ಬರೆದ ಅದೇ ದೃಶ್ಯ, ಅರ್ಧಕ್ಕೆ ನಿಂತದ್ದು. ಯುದ್ಧಕಾಲದಲ್ಲಿ ಕಾಗದ ಸಿಗುವುದು ಕಷ್ಟ. ಆದ್ದರಿಂದ ಬೇಡದ ಹಾಳೆಯ ಹಿಂಬದಿಯಲ್ಲೇ ಮತ್ತೆ ಬರೆದದ್ದೂ ಇದೆ. ಕೊನೆಗೆ ಬರುತ್ತಾ ಆಕೆಗೆ ಆತುರ ಜಾಸ್ತಿ. ಗೆರೆಗಳು ಒರಟಾಗುತ್ತವೆ, ಮುಖಕ್ಕೆ ಕಣ್ಣು ಮೂಗು ಇರುವುದಿಲ್ಲ, ಕೆಲವು ಹಾಳೆಗಳಲ್ಲಿ ಬರೀ ಅಕ್ಷರ. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಆ ಒರಟು ಹಾಳೆಗಳೇ ಇಷ್ಟ.

ಎಲ್ಲಿ ನೋಡಬಹುದು?

ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಮ್ಯೂಸಿಯಂನಲ್ಲಿ. ಗುವಾಶ್ ಬೆಳಕಿಗೆ ಮಾಸುತ್ತದೆ, ಆದ್ದರಿಂದ ಒಂದು ಸಲಕ್ಕೆ ಸ್ವಲ್ಪವೇ ಹೊರಗಿಡುತ್ತಾರೆ. ಅಷ್ಟು ದೂರ ಹೋಗಲು ಆಗದವರಿಗೆ ಮ್ಯೂಸಿಯಂನವರೇ ಎಲ್ಲ ಹಾಳೆಗಳನ್ನೂ ಇಂಟರ್‌ನೆಟ್‌ನಲ್ಲಿ ಹಾಕಿದ್ದಾರೆ, ಪುಕ್ಕಟೆ. ಬರ್ಲಿನ್‌ಗೆ ಹೋದರೆ ಶಾರ್ಲೊಟ್ಟನ್‌ಬುರ್ಗ್ ಬಡಾವಣೆಯ ವೀಲಾಂಡ್‌ಸ್ಟ್ರಾಸೆ 15ನೇ ಮನೆ ಮುಂದೆ, ಫುಟ್‌ಪಾತಿನಲ್ಲಿ ಆಕೆಯ ಹೆಸರಿನ ಪುಟ್ಟ ಹಿತ್ತಾಳೆ ಕಲ್ಲು ಇದೆ.

769 ಹಾಳೆ! ಎಲ್ಲಿಂದ ಶುರು ಮಾಡಲಿ?

ಒಂದೇ ಸಲ ಕೂತು ಮುಗಿಸಲು ಹೋಗಬೇಡಿ, ಸುಸ್ತಾಗುತ್ತದೆ. ಮೊದಲು ಅಮ್ಮ ಸ್ವರ್ಗದ ಕಥೆ ಹೇಳುವ ಹಾಳೆಗಳನ್ನು ನೋಡಿ. ಡಾಬರ್‌ಲೋನ್ ಭಾಷಣಗಳನ್ನು ಮೊದಲ ಓದಿಗೆ ಹಾರಿಸಿದರೂ ಪರವಾಗಿಲ್ಲ, ನಾನೂ ಹಾಗೇ ಮಾಡಿದ್ದು. ಆಮೇಲೆ ಫ್ರಾನ್ಸ್ ಭಾಗವನ್ನು ಬಿಡದೆ ಓದಿ, ಕೊನೆಯ ಚಿತ್ರಕ್ಕೆ ಬನ್ನಿ.

ಅದರಲ್ಲಿ ಷಾರ್ಲೊಟ್ ನಮಗೆ ಬೆನ್ನು ಹಾಕಿ ಮಂಡಿಯೂರಿ ಕೂತಿದ್ದಾಳೆ. ಮುಂದೆ ನೀಲಿ ಸಮುದ್ರ. ಕೈಯಲ್ಲಿ ಕುಂಚ. ಹಿಡಿದ ಹಾಳೆ ಪಾರದರ್ಶಕ, ಅದರ ಮೂಲಕವೂ ಸಮುದ್ರವೇ ಕಾಣುತ್ತದೆ. ಈಜುಡುಗೆ ತೊಟ್ಟ ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಅದೇ ಶೀರ್ಷಿಕೆ ಬರೆದಿದೆ. ಪ್ರಶ್ನೆ ಚಿಹ್ನೆಗಳನ್ನು ಮಾತ್ರ ಅಲ್ಲಿ ಹಾಕಿಲ್ಲ.